ದೋಣಿ ಹತ್ತುವ ಮುಂಚೆ ಬೋರ್ಡು ಓದಿ

ಸುತ್ತಲೂ ನೀರು. ನಡುವೆ ನೆಲ. ಅದೇ ದ್ವೀಪ. ನಡುಗಡ್ಡೆ ಅಂತಲೂ ಕರೆಯುತ್ತೇವೆ. ಕರಾವಳಿಯಲ್ಲಿ ಹೊಳೆಯ ನಡುವಿನ ಸಣ್ಣ ದ್ವೀಪಕ್ಕೆ ಅಲ್ಲಿನ ಜನ ಕುದ್ರು ಅಂತಾರೆ.

ನಮ್ಮ ರಾಜ್ಯದಲ್ಲಿ ದ್ವೀಪಗಳು ಹಲವು ಇವೆ. ಶ್ರೀರಂಗಪಟ್ಟಣ ಕಾವೇರಿ ನದಿಯ ನಡುವಿನ ದ್ವೀಪ. ಅಲ್ಲಿಗೆ ಸೇತುವೆ ಇದೆ. ಬಸ್ಸೂ ಹೋಗುತ್ತದೆ, ರೈಲೂ ಹೋಗುತ್ತದೆ. ಆದರೆ ಕಡಲಿನ ದ್ವೀಪಗಳಿಗೆ ಸೇತುವೆ ಇಲ್ಲ. ಉಡುಪಿಯ ಹತ್ತಿರ ಮಲ್ಪೆ ಇದೆ. ಅದರ ಎದುರಿಗೆ ಕಡಲಿನಲ್ಲಿ ಸೇಂಟ್ ಮೇರೀಸ್ ದ್ವೀಪ ಇದೆ. ಕಾರವಾರದ ಎದುರಿಗೆ ಕೂರ್ಮಗಡ ಇದೆ. ಇಲ್ಲಿಗೆಲ್ಲ ದಕ್ಕೆವರೆಗೆ ಗಾಡಿಯಲ್ಲಿ ಹೋಗಬೇಕು. ಅಲ್ಲಿಂದ ಮುಂದೆ ದೋಣಿಯೇ ಗತಿ. ದಕ್ಕೆ ಅಂದರೆ ದೋಣಿ ನಿಲ್ಲುವ ಜಾಗ. ಕೆಲವರು ಜೆಟ್ಟಿ ಅಂತಾರೆ.

ಈಗ ಊರೂರಿನಲ್ಲಿ ಮಹಿಳೆಯರ ಸಂಘಗಳಿವೆ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಪ್ರವಾಸ ಹೋಗುತ್ತಾರೆ. ಒಳ್ಳೆಯದೇ. ದಿನಾ ಒಲೆ, ಕೊಟ್ಟಿಗೆ, ಗದ್ದೆ ಅಂತ ದುಡಿಯುವವರಿಗೆ ಒಂದು ದಿನ ಕಡಲು ನೋಡುವ ಆಸೆ ಇರುವುದಿಲ್ಲವೇ? ಹೋಗಿ ಬನ್ನಿ. ಆದರೆ ತಿಳಿದು ಹೋಗಿ. ಮಲ್ಪೆಗೆ ಹೋಗುವುದು ಹೇಗೆ, ದಕ್ಕೆಯಲ್ಲಿ ಏನು ನೋಡಬೇಕು, ದೋಣಿಯಲ್ಲಿ ಹೇಗಿರಬೇಕು ಎಂದು ಈ ಪಾಠದಲ್ಲಿ ಓದೋಣ.

ಯಾವಾಗ ಹೋಗಬೇಕು?

ಮಳೆಗಾಲದಲ್ಲಿ ಹೋಗಬೇಡಿ. ಆಗ ಕಡಲು ಬಿರುಸಾಗಿರುತ್ತದೆ. ತೆರೆಗಳು ಎತ್ತರಕ್ಕೆ ಏಳುತ್ತವೆ. ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಜೂನ್ ಮತ್ತು ಜುಲೈ ತಿಂಗಳಲ್ಲಿ ಮೀನು ಹಿಡಿಯುವ ಯಂತ್ರದ ಬೋಟುಗಳಿಗೂ ಸರಕಾರ ರಜೆ ಕೊಡುತ್ತದೆ. ಕಡಲಿನಲ್ಲೇ ಹುಟ್ಟಿ ಬೆಳೆದವರೇ ಆಗ ಹುಷಾರಾಗಿರುತ್ತಾರೆ. ಹಾಗಿದ್ದ ಮೇಲೆ ನಾವು ಎಷ್ಟು ಹುಷಾರಾಗಿರಬೇಕು ಹೇಳಿ.

ಚಳಿಗಾಲ ಒಳ್ಳೆಯ ಕಾಲ. ಆದರೂ ಬೇರೆ ದಿನಗಳಲ್ಲಿ ಕೂಡ ಒಮ್ಮೊಮ್ಮೆ ಗಾಳಿ ಎದ್ದು ದೋಣಿ ನಿಲ್ಲುತ್ತದೆ. ಹೊರಡುವ ಹಿಂದಿನ ದಿನ ಫೋನು ಮಾಡಿ ವಿಚಾರಿಸಿ. "ಇಷ್ಟು ದೂರ ಬಂದಿದ್ದೇವೆ, ಹೇಗಾದ್ರೂ ಕರ್ಕೊಂಡು ಹೋಗಪ್ಪಾ" ಎಂದು ದೋಣಿಯವನನ್ನು ಕಾಡಬೇಡಿ. ಕಡಲು ಬೇಡ ಅಂದ ದಿನ ದಡದಲ್ಲೇ ಕುಳಿತು ನೋಡಿ ಬನ್ನಿ.

ಗಾಡಿ ಗೊತ್ತು ಮಾಡುವಾಗ

ಬಸ್ಸಿನಲ್ಲೂ ಹೋಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ಹಣ ಕೊಡಬೇಕಿಲ್ಲ. ಗುರುತಿನ ಚೀಟಿ ತೋರಿಸಬೇಕು. ಉಡುಪಿಯಿಂದ ಮಲ್ಪೆಗೆ ಸುಮಾರು 6 ಕಿಲೋಮೀಟರ್. ಆ ದಾರಿಯಲ್ಲಿ ಖಾಸಗಿ ಬಸ್ಸುಗಳು ಓಡುತ್ತವೆ. ಅವುಗಳಲ್ಲಿ ದುಡ್ಡು ಕೊಟ್ಟು ಟಿಕೆಟ್ ಕೊಳ್ಳಬೇಕು.

ಹತ್ತು ಹದಿನೈದು ಜನ ಇದ್ದರೆ ಟೆಂಪೊ ಅಥವಾ ವ್ಯಾನು ಬಾಡಿಗೆಗೆ ಹಿಡಿಯುತ್ತಾರೆ. ಆಗ ಮೊದಲು ಗಾಡಿಯ ನಂಬರ್ ಹಲಗೆ ನೋಡಿ. ಬಾಡಿಗೆ ಗಾಡಿಗೆ ಹಳದಿ ಹಲಗೆ ಇರುತ್ತದೆ. ಬಿಳಿ ಹಲಗೆ ಇದ್ದರೆ ಅದು ಸ್ವಂತ ಬಳಕೆಯ ಗಾಡಿ. ಅದನ್ನು ಬಾಡಿಗೆಗೆ ಓಡಿಸುವ ಹಾಗಿಲ್ಲ. ದಾರಿಯಲ್ಲಿ ಅಪಘಾತ ಆದರೆ ವಿಮೆಯ ಹಣ ಸಿಗುವುದು ಕಷ್ಟ. ಐನೂರು ರೂಪಾಯಿ ಕಮ್ಮಿ ಅಂತ ಬಿಳಿ ಹಲಗೆ ಗಾಡಿ ಹತ್ತಬೇಡಿ.

ಬಾಡಿಗೆ ಎಷ್ಟು, ಡ್ರೈವರ್ ಊಟ ಯಾರದ್ದು, ಟೋಲ್ ಯಾರು ಕಟ್ಟಬೇಕು, ಗಾಡಿ ನಿಲ್ಲಿಸುವ ಹಣ ಯಾರು ಕೊಡಬೇಕು? ಇದನ್ನೆಲ್ಲ ಮೊದಲೇ ಮಾತಾಡಿ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಾತು ಮರೆತು ಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ಸಮಯದ ಲೆಕ್ಕ

ತೀರ್ಥಹಳ್ಳಿಯಿಂದ ಹೊರಟಿರಿ ಎಂದು ಇಟ್ಟುಕೊಳ್ಳಿ. ಆಗುಂಬೆ ಘಾಟಿ ಇಳಿದು ಮಲ್ಪೆಗೆ ಸುಮಾರು 90 ಕಿಲೋಮೀಟರ್. ಘಾಟಿಯಲ್ಲಿ 14 ದೊಡ್ಡ ತಿರುವುಗಳಿವೆ. ಅಲ್ಲಿ ಗಾಡಿ ನಿಧಾನ ಹೋಗಬೇಕು. ಗಂಟೆಗೆ 30 ಕಿಲೋಮೀಟರ್ ಎಂದು ಹಿಡಿಯೋಣ.

90 ಕಿಲೋಮೀಟರ್‌ಗೆ 3 ಗಂಟೆ.
ತಿಂಡಿ, ಕಾಫಿ, ಶೌಚಕ್ಕೆ 1 ಗಂಟೆ.
ಒಟ್ಟು 4 ಗಂಟೆ.

ಬೆಳಿಗ್ಗೆ 10 ಗಂಟೆಗೆ ದಕ್ಕೆಯಲ್ಲಿ ಇರಬೇಕು. ಹಾಗಾದರೆ ಎಷ್ಟು ಗಂಟೆಗೆ ಹೊರಡಬೇಕು? 10ರಲ್ಲಿ 4 ಕಳೆಯಿರಿ. 6 ಗಂಟೆ. ನೋಡಿದಿರಾ, ಕಳೆಯುವ ಲೆಕ್ಕ ಎಲ್ಲಿ ಉಪಯೋಗಕ್ಕೆ ಬಂತು!

ವಾಪಸು ಬರುವುದಕ್ಕೂ ಹೀಗೇ ಲೆಕ್ಕ ಹಾಕಿ. ದ್ವೀಪದಿಂದ ಕೊನೆಯ ದೋಣಿ ಎಷ್ಟು ಗಂಟೆಗೆ? ಅದಕ್ಕಿಂತ ಒಂದು ಗಂಟೆ ಮುಂಚಿನ ದೋಣಿಗೆ ಹೊರಡಿ. ಕೊನೆಯ ದೋಣಿಗೆ ಎಲ್ಲರೂ ಮುಗಿ ಬೀಳುತ್ತಾರೆ. ನೂಕು ನುಗ್ಗಲು ಆಗುತ್ತದೆ. ಅಪಾಯ ಇರುವುದು ಅಲ್ಲೇ.

ಡ್ರೈವರನ್ನು ಅವಸರ ಮಾಡಬೇಡಿ. ರಾತ್ರಿಯಿಡೀ ಗಾಡಿ ಓಡಿಸಿದ್ದರೆ ದಕ್ಕೆಯಲ್ಲಿ ಅವನಿಗೆ ಮಲಗಲು ಬಿಡಿ. ನೀವು ದ್ವೀಪ ನೋಡುವ ಹೊತ್ತಿನಲ್ಲಿ ಅವನು ನಿದ್ದೆ ಮಾಡಲಿ. ನಿಮ್ಮನ್ನು ಮನೆ ಮುಟ್ಟಿಸುವವನು ಅವನೇ ಅಲ್ಲವೇ?

ದಕ್ಕೆಯಲ್ಲಿ

ಮಲ್ಪೆ ದೊಡ್ಡ ಮೀನುಗಾರಿಕೆ ಬಂದರು. ಸಾಲು ಸಾಲು ಬೋಟುಗಳು. ಬುಟ್ಟಿ ಬುಟ್ಟಿ ಮೀನು. ಮೀನು ಮಾರುವ ಹೆಂಗಸರ ಗಟ್ಟಿ ದನಿ. ನೋಡಲು ಚೆಂದ. ಆದರೆ ಮೀನು ಹಿಡಿಯುವ ಬೋಟು ಬೇರೆ, ಜನರನ್ನು ಕರೆದೊಯ್ಯುವ ದೋಣಿ ಬೇರೆ. ಯಾರೋ ಕೈ ಬೀಸಿ ಕರೆದರು ಅಂತ ಹೋಗಬೇಡಿ. ಟಿಕೆಟ್ ಕೊಡುವ ಕಿಟಕಿ ಎಲ್ಲಿದೆ ಎಂದು ಕೇಳಿ. ಅಲ್ಲೇ ಟಿಕೆಟ್ ಕೊಳ್ಳಿ.

ಗಾಡಿ ದಡದಲ್ಲೇ ಉಳಿಯುತ್ತದೆ. ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಗಾಡಿಯ ನಂಬರ್. ಡ್ರೈವರ್ ಫೋನ್ ನಂಬರ್. ಗಾಡಿ ನಿಂತ ಜಾಗ. ಮೊಬೈಲಿನಲ್ಲಿ ಇದೆಯಲ್ಲ ಅಂತೀರಾ? ಮೊಬೈಲು ನೀರಿಗೆ ಬಿದ್ದರೆ? ಬ್ಯಾಟರಿ ಮುಗಿದರೆ? ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಳ್ಳಿ.

ದಕ್ಕೆಯಲ್ಲಿ ಬೋರ್ಡು ಇರುತ್ತದೆ. ದೋಣಿಯ ಮೇಲೂ ಬರೆದಿರುತ್ತದೆ. ಮೊದಲು ನಾವು ಬೋರ್ಡಿನ ಮುಂದೆ ಸುಮ್ಮನೆ ಹಾದು ಹೋಗುತ್ತಿದ್ದೆವು. ಈಗ ಹಾಗಲ್ಲ. ಈಗ ನಮಗೆ ಅಕ್ಷರ ಗೊತ್ತು. ನಿಂತು ಓದಿ. ಬೋರ್ಡು ಹೀಗೆ ಇರಬಹುದು:

ಈ ದೋಣಿಯಲ್ಲಿ 30 ಜನರಿಗೆ ಮಾತ್ರ ಅವಕಾಶ.
ಲೈಫ್ ಜಾಕೆಟ್ ಕಡ್ಡಾಯ.
ಕೊನೆಯ ದೋಣಿ ಸಂಜೆ 5 ಗಂಟೆಗೆ.
ಒಬ್ಬರಿಗೆ ಟಿಕೆಟ್ ದರ ಇಷ್ಟು.

ಇದರಲ್ಲಿ ಮುಖ್ಯ ಯಾವುದು? ಟಿಕೆಟ್ ದರ ಎಲ್ಲರೂ ನೋಡುತ್ತಾರೆ. ಆದರೆ ಮೊದಲ ಸಾಲು ನೋಡಿ. ಎಷ್ಟು ಜನರಿಗೆ ಅವಕಾಶ? ಆ ಸಂಖ್ಯೆ ಓದಿ. ಆಮೇಲೆ ದೋಣಿಯಲ್ಲಿ ಕುಳಿತವರ ತಲೆ ಎಣಿಸಿ. ಮಕ್ಕಳನ್ನೂ ಸೇರಿಸಿ ಎಣಿಸಿ. ಬೋರ್ಡಿನಲ್ಲಿ 30 ಇದೆ, ದೋಣಿಯಲ್ಲಿ ಆಗಲೇ 30 ಜನ ಇದ್ದಾರೆ. ಹಾಗಾದರೆ ನೀವು ಹತ್ತಬೇಡಿ. ಮುಂದಿನ ದೋಣಿಗೆ ಕಾಯಿರಿ.

ಕಾರವಾರದಲ್ಲಿ ಏನಾಯಿತು?

ಇದು ಬರೀ ಹೆದರಿಸುವ ಮಾತಲ್ಲ. ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಗುಡಿ ಇದೆ. ವರ್ಷಕ್ಕೊಮ್ಮೆ ಜಾತ್ರೆ. ಜನ ದೂರದಿಂದ ಬರುತ್ತಾರೆ. ಕಾರವಾರದವರೆಗೆ ಗಾಡಿಯಲ್ಲಿ ಬಂದು ದೋಣಿ ಹತ್ತುತ್ತಾರೆ.

2019ರ ಜನವರಿ 21. ಅಂದು ಜಾತ್ರೆ. ಜಾತ್ರೆ ಮುಗಿಸಿ ವಾಪಸು ಬರುತ್ತಿದ್ದ ಒಂದು ದೋಣಿ ಕಡಲಿನಲ್ಲಿ ಮಗುಚಿತು. 16 ಜನ ತೀರಿಕೊಂಡರು. ಅವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಮನೆತನದ ಹಲವರು ಹೋಗಿಬಿಟ್ಟರು. ಬೇರೆ ದೋಣಿಯವರು ಧಾವಿಸಿ ಬಂದು ಕೆಲವರನ್ನು ಉಳಿಸಿದರು.

ಯಾಕೆ ಹೀಗಾಯಿತು? ದೋಣಿ ಹಿಡಿಸುವುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಹಲವರು ಲೈಫ್ ಜಾಕೆಟ್ ಹಾಕಿರಲಿಲ್ಲ.

ಕೇರಳದಲ್ಲೂ ಇಂಥದೇ ನಡೆಯಿತು. 2023ರ ಮೇ 7ರಂದು ತಾನೂರು ಎಂಬಲ್ಲಿ ಸಂಜೆ ಹೊರಟ ದೋಣಿ ಮಗುಚಿ 22 ಜನ ಸತ್ತರು. ಹೆಚ್ಚಿನವರು ಮಕ್ಕಳು. ಅಲ್ಲೂ ದೋಣಿ ತುಂಬಿ ತುಳುಕುತ್ತಿತ್ತು. ಕತ್ತಲಾಗುತ್ತಿತ್ತು.

ದೇವರನ್ನು ನೋಡಲು ಹೋದವರು, ಮಕ್ಕಳಿಗೆ ನೀರು ತೋರಿಸಲು ಹೋದವರು. ಅವರು ಮಾಡಿದ ತಪ್ಪಾದರೂ ಏನು? ಜನ ಎಣಿಸಿ ಹತ್ತಿಸುವುದು ದೋಣಿಯವರ ಕೆಲಸ. ಅದನ್ನು ನೋಡಿಕೊಳ್ಳುವುದು ಅಧಿಕಾರಿಗಳ ಕೆಲಸ. ಅವರು ಮಾಡದಿದ್ದರೆ ಕೇಳುವುದು ನಮ್ಮ ಹಕ್ಕು. ಕೇಳಬೇಕಾದರೆ ನಮಗೆ ತಿಳಿದಿರಬೇಕು.

ದೋಣಿ ಯಾಕೆ ಮಗುಚುತ್ತದೆ?

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದ್ದೀರಿ. ಹದವಾಗಿ ಹೇರಿದರೆ ಗಾಡಿ ಸಲೀಸಾಗಿ ಹೋಗುತ್ತದೆ. ಎತ್ತರಕ್ಕೆ ಹೇರಿದರೆ ಸಣ್ಣ ಗುಂಡಿಗೆ ಚಕ್ರ ಇಳಿದರೂ ಗಾಡಿ ವಾಲುತ್ತದೆ. ದೋಣಿಯೂ ಹಾಗೇ. ಹೆಚ್ಚು ಜನ ಹತ್ತಿದರೆ ದೋಣಿ ನೀರಿನಲ್ಲಿ ಕೆಳಗೆ ಇಳಿಯುತ್ತದೆ. ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯುತ್ತದೆ. ಒಂದು ತೆರೆ ಬಂದರೆ ಸಾಕು, ನೀರು ಒಳಗೆ ಬರುತ್ತದೆ.

ಇನ್ನೊಂದು ಕಾರಣ ಇದೆ. ಎಲ್ಲರೂ ಒಂದೇ ಕಡೆ ಹೋಗುವುದು. "ಅಲ್ನೋಡೇ, ಮೀನು!" ಎಂದು ಯಾರೋ ಕೂಗುತ್ತಾರೆ. ಎಲ್ಲರೂ ಎದ್ದು ಆ ಕಡೆ ಓಡುತ್ತಾರೆ. ಇಲ್ಲವೇ ಫೋಟೋ ತೆಗೆಯಲು ಒಂದೇ ಬದಿಗೆ ನಿಲ್ಲುತ್ತಾರೆ. ತಕ್ಕಡಿಯ ಒಂದು ತಟ್ಟೆಗೇ ಎಲ್ಲ ಸಾಮಾನು ಹಾಕಿದ ಹಾಗೆ. ದೋಣಿ ವಾಲುತ್ತದೆ. ಆದ್ದರಿಂದ ಕುಳಿತ ಜಾಗದಲ್ಲೇ ಕುಳಿತಿರಿ. ದೋಣಿ ನಿಂತು, ಇಳಿಯಿರಿ ಅಂದ ಮೇಲೆ ಒಬ್ಬೊಬ್ಬರಾಗಿ ಏಳಿ.

ಲೈಫ್ ಜಾಕೆಟ್ ಅಂದರೆ ಏನು?

ಹಳ್ಳಿಯಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟುತ್ತಿದ್ದರು. ಬುರುಡೆ ಹಗುರ. ಒಳಗೆ ಬರೀ ಗಾಳಿ. ಅದು ಮುಳುಗುವುದಿಲ್ಲ. ಮಗುವನ್ನೂ ಮುಳುಗಲು ಬಿಡುವುದಿಲ್ಲ. ಲೈಫ್ ಜಾಕೆಟ್ ಮಾಡುವುದೂ ಅದೇ ಕೆಲಸ. ಅದರೊಳಗೆ ಹಗುರವಾದ ಫೋಮ್ ಇರುತ್ತದೆ. ಈಜು ಬಾರದವರನ್ನೂ ಅದು ನೀರಿನ ಮೇಲೆ ತೇಲಿಸುತ್ತದೆ.

ಹಾಕಿಕೊಳ್ಳುವಾಗ ಇಷ್ಟು ನೋಡಿ:

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಸೆರಗಿನ ಮೇಲೆ ಜಾಕೆಟ್ ಹಾಕಿ.
ಎಲ್ಲ ಬಕಲ್ಲುಗಳನ್ನೂ ಹಾಕಿ. ಪಟ್ಟಿ ಎಳೆದು ಬಿಗಿ ಮಾಡಿ.
ಭುಜದ ಹತ್ತಿರ ಹಿಡಿದು ಮೇಲೆ ಎತ್ತಿ ನೋಡಿ. ಕಿವಿಯವರೆಗೆ ಬಂದರೆ ಅದು ಸಡಿಲ. ಮತ್ತೆ ಬಿಗಿ ಮಾಡಿ.
ಮಕ್ಕಳಿಗೆ ಚಿಕ್ಕ ಅಳತೆಯದು ಕೇಳಿ. ದೊಡ್ಡದು ಹಾಕಿದರೆ ಮಗು ಕೆಳಗಿನಿಂದ ಜಾರುತ್ತದೆ.
ಹರಿದದ್ದು, ಬಕಲ್ ಮುರಿದದ್ದು ಕೊಟ್ಟರೆ ಬದಲಿಸಿ ಕೊಡಿ ಅನ್ನಿ.

"ಸೆಖೆ ಆಗ್ತದೆ", "ವಾಸನೆ ಬರ್ತದೆ", "ಸೀರೆ ಮುದುಡ್ತದೆ" ಎಂದು ಕೆಲವರು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಕೈಯಲ್ಲಿ ಹಿಡಿದ ಜಾಕೆಟ್ ಕಾಯುವುದಿಲ್ಲ. ದೋಣಿ ಮಗುಚುವುದು ಕಣ್ಣು ಮುಚ್ಚಿ ತೆರೆಯುವುದರೊಳಗೆ. ಆಮೇಲೆ ಹಾಕಿಕೊಳ್ಳಲು ಪುರಸೊತ್ತು ಇರುವುದಿಲ್ಲ. ದಡದಲ್ಲೇ ಹಾಕಿಕೊಂಡು ದೋಣಿ ಹತ್ತಿ. ದಡಕ್ಕೆ ಇಳಿದ ಮೇಲೆಯೇ ಬಿಚ್ಚಿ.

"ಹತ್ತಿ ಅಕ್ಕಾ, ಏನೂ ಆಗಲ್ಲ" ಎಂದು ದೋಣಿಯವನು ಹೇಳಬಹುದು. ಆಗ ಏನು ಹೇಳುತ್ತೀರಿ? ಜಗಳ ಬೇಡ. ಹೀಗೆ ಹೇಳಿ: "ಜಾಕೆಟ್ ಕೊಡಣ್ಣ, ಹತ್ತುತ್ತೇವೆ. ಕೊಡದಿದ್ರೆ ಹತ್ತೋದಿಲ್ಲ." ಒಬ್ಬಳೇ ಹೇಳಿದರೆ ಕೇಳಿಸದೇ ಇರಬಹುದು. ಹದಿನೈದು ಜನ ಒಟ್ಟಿಗೆ ಹೇಳಿದರೆ ಕೇಳಿಯೇ ಕೇಳುತ್ತದೆ. ಸಂಘ ಇರುವುದು ಸಾಲಕ್ಕೆ ಮಾತ್ರವೇ?

ದ್ವೀಪದಲ್ಲಿ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ ಸುಮಾರು 6 ಕಿಲೋಮೀಟರ್. ಇಲ್ಲಿಗೆ ತೋನ್ಸೆಪಾರ್ ಎಂಬ ಹೆಸರೂ ಇದೆ. 1498ರಲ್ಲಿ ಪೋರ್ಚುಗಲ್ ದೇಶದ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ, ಮೇರಿ ಮಾತೆಯ ಹೆಸರಿಟ್ಟ ಎಂದು ಹೇಳುತ್ತಾರೆ. ದ್ವೀಪದಲ್ಲಿ ಯಾರೂ ವಾಸ ಇಲ್ಲ. ತೆಂಗಿನ ಮರಗಳಿವೆ. ಮರಳಿಗಿಂತ ಚಿಪ್ಪುಗಳೇ ಹೆಚ್ಚು ಕಾಣುತ್ತವೆ.

ಇಲ್ಲಿನ ವಿಶೇಷ ಕಲ್ಲುಗಳು. ಕಂಬ ಕಂಬವಾಗಿ ನಿಂತಿವೆ. ಯಾರೋ ಶಿಲ್ಪಿ ಕೆತ್ತಿ ಒತ್ತೊತ್ತಾಗಿ ಜೋಡಿಸಿದ ಹಾಗೆ. ಒಂದೊಂದು ಕಂಬಕ್ಕೂ ಐದು ಮುಖ, ಆರು ಮುಖ. ಇವನ್ನು ಯಾರೂ ಕೆತ್ತಿದ್ದಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಭೂಮಿಯ ಒಳಗಿನಿಂದ ಕರಗಿದ ಕಲ್ಲು ಕುದಿಯುತ್ತಾ ಹೊರಗೆ ಬಂತು. ನಿಧಾನವಾಗಿ ಆರಿತು. ಆರುವಾಗ ಕುಗ್ಗಿ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಕೆಸರು ಬಿರಿಯುತ್ತದಲ್ಲ, ಹಾಗೆ. ಆ ಬಿರುಕು ಆಳಕ್ಕೆ ಇಳಿದು ಕಂಬಗಳಾದವು. ಆ ಕಾಲದಲ್ಲಿ ಮಡಗಾಸ್ಕರ್ ಎಂಬ ದೂರದ ದ್ವೀಪ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಬೇರ್ಪಡುವ ಹೊತ್ತಿಗೆ ಈ ಕಲ್ಲುಗಳು ಹುಟ್ಟಿದವು. ಇದನ್ನು ನಮ್ಮ ದೇಶದ ಭೂವಿಜ್ಞಾನ ಸ್ಮಾರಕ ಎಂದು ಸಾರಿದ್ದಾರೆ.

ಕಲ್ಲು ನೋಡಿ, ಮುಟ್ಟಿ. ಆದರೆ ನೀರಿನ ಅಂಚಿನ ಬಂಡೆ ಹತ್ತಬೇಡಿ. ಅಲ್ಲಿ ಪಾಚಿ ಕಟ್ಟಿರುತ್ತದೆ. ಎಲ್ಲಿಂದಲೋ ಒಂದು ದೊಡ್ಡ ತೆರೆ ಬಂದು ಎಳೆದುಕೊಂಡು ಹೋಗುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ಹುಡುಗರು ಇಲ್ಲೇ ನೀರುಪಾಲಾದರು. ಬಾವಿಯಲ್ಲಿ, ಕೆರೆಯಲ್ಲಿ ಈಜಿದವರಿಗೂ ಕಡಲು ಬೇರೆಯೇ. ಕಾವಲಿನವರು ಸೀಟಿ ಊದಿದರೆ ತಕ್ಷಣ ಹಿಂದೆ ಬನ್ನಿ.

ಕುಡಿಯುವ ನೀರು, ಬುತ್ತಿ ಕಟ್ಟಿಕೊಂಡು ಹೋಗಿ. ಕಸವನ್ನು ವಾಪಸು ತನ್ನಿ. ದೋಣಿಯಲ್ಲಿ ವಾಕರಿಕೆ ಬರುವವರು ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ. ದೂರದ ದಡವನ್ನೇ ನೋಡುತ್ತಾ ಕುಳಿತರೆ ವಾಕರಿಕೆ ಕಮ್ಮಿಯಾಗುತ್ತದೆ.

ಗಾಡಿಯೂ ದೋಣಿ ಹತ್ತುವ ಕಡೆ

ಕೆಲವು ಕಡೆ ಗಾಡಿ ಸಮೇತ ನೀರು ದಾಟಬಹುದು. ಸಾಗರ ತಾಲ್ಲೂಕಿನ ಸಿಗಂದೂರಿಗೆ ಹೋದವರಿಗೆ ಇದು ಗೊತ್ತು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಂಬಿ 1960ರ ದಶಕದಲ್ಲಿ ತುಮರಿ ಕಡೆಯ ಹಳ್ಳಿಗಳು ದ್ವೀಪದ ಹಾಗೆ ಆದವು. ಹೊಳೆಬಾಗಿಲಿನಲ್ಲಿ ಲಾಂಚ್ ಓಡುತ್ತಿತ್ತು. ಬಸ್ಸು, ಕಾರು ಎಲ್ಲ ಅದರ ಮೇಲೆ ಹತ್ತುತ್ತಿದ್ದವು. ಸಂಜೆ ಲಾಂಚ್ ನಿಂತರೆ ಮುಗಿಯಿತು. ರಾತ್ರಿ ಹೆರಿಗೆ ನೋವು ಬಂದರೂ ದಾಟುವುದು ಸುಲಭವಿರಲಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟವರು ಹೀಗೆ ಕಾಯುತ್ತಾ ಬದುಕಿದರು. 2025ರ ಜುಲೈ 14ರಂದು ಅಲ್ಲಿ ದೊಡ್ಡ ಸೇತುವೆ ಆಯಿತು. ಅದರ ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಈಗ ರಸ್ತೆಯಲ್ಲೇ ಹೋಗಬಹುದು.

ಗೋವಾದ ದಿವಾರ್ ದ್ವೀಪಕ್ಕೆ ಈಗಲೂ ಗಾಡಿಗಳು ಫೆರಿ ದೋಣಿ ಹತ್ತಿ ಹೋಗುತ್ತವೆ. ಇಂಥ ಕಡೆ ಒಂದು ಮಾತು ನೆನಪಿಡಿ. ಗಾಡಿ ದೋಣಿ ಹತ್ತುವ ಮುಂಚೆ ನೀವು ಇಳಿಯಿರಿ. ಡ್ರೈವರ್ ಮಾತ್ರ ಗಾಡಿಯನ್ನು ಹತ್ತಿಸಲಿ. ನೀವು ನಡೆದು ಹತ್ತಿ. ನೀರು ದಾಟುವಾಗ ಗಾಡಿಯ ಒಳಗೆ ಕುಳಿತಿರಬೇಡಿ. ಏನಾದರೂ ಆದರೆ ಬಾಗಿಲು ತೆರೆಯಲು ಆಗುವುದಿಲ್ಲ.

ನೆನಪಿಡಿ

1. ಮಳೆಗಾಲದಲ್ಲಿ, ಕತ್ತಲಲ್ಲಿ ದೋಣಿ ಪ್ರಯಾಣ ಬೇಡ.
2. ಬೋರ್ಡು ಓದಿ. ಜನ ಎಣಿಸಿ. ಹೆಚ್ಚಿದ್ದರೆ ಹತ್ತಬೇಡಿ.
3. ಜಾಕೆಟ್ ಇಲ್ಲದೆ ದೋಣಿಗೆ ಕಾಲಿಡಬೇಡಿ.
4. ಕುಳಿತಲ್ಲೇ ಕುಳಿತಿರಿ.
5. ಕೊನೆಯ ದೋಣಿಗೆ ಕಾಯಬೇಡಿ.
6. ಆಪತ್ತಿನಲ್ಲಿ 112ಕ್ಕೆ ಫೋನು ಮಾಡಿ. ಕರಾವಳಿ ಕಾವಲು ಪೊಲೀಸರ ನಂಬರ್ 1093. ಎರಡನ್ನೂ ನಿಮ್ಮ ಚೀಟಿಯಲ್ಲಿ ಬರೆದುಕೊಳ್ಳಿ.

ಓದಿ, ಮಾತಾಡಿ, ಬರೆಯಿರಿ

1. ಬೋರ್ಡಿನಲ್ಲಿ 25 ಜನ ಎಂದಿದೆ. ದೋಣಿಯಲ್ಲಿ 19 ಜನ ಕುಳಿತಿದ್ದಾರೆ. ನಿಮ್ಮ ಗುಂಪಿನಲ್ಲಿ 9 ಜನ. ಎಲ್ಲರೂ ಒಟ್ಟಿಗೆ ಹತ್ತಬಹುದೇ? ಇಲ್ಲವಾದರೆ ಏನು ಮಾಡುತ್ತೀರಿ?
2. ಕೊನೆಯ ದೋಣಿ 5 ಗಂಟೆಗೆ. ನೀವು ಎಷ್ಟು ಗಂಟೆಯ ದೋಣಿಗೆ ಹೊರಡುತ್ತೀರಿ?
3. ಕಾರವಾರದಲ್ಲಿ ದೋಣಿ ಮಗುಚಿದಾಗ ಅಷ್ಟು ಜನ ಯಾಕೆ ಸತ್ತರು? ನಿಮ್ಮ ಮಾತಿನಲ್ಲಿ ಹೇಳಿ.
4. ನಿಮ್ಮ ಊರಿನ ಹತ್ತಿರ ದೋಣಿ, ತೆಪ್ಪ, ಹರಿಗೋಲು ಇದೆಯೇ? ಅಲ್ಲಿ ಎಷ್ಟು ಜನ ಹತ್ತಬೇಕು ಎಂದು ಬರೆದಿದೆಯೇ? ಬರೆದಿಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಎಲ್ಲರೂ ಸೇರಿ ಸಹಿ ಹಾಕಿ. ಹೆಬ್ಬೆಟ್ಟು ಬೇಡ, ಸಹಿ!